ದೋ ಯಾವ ಮನೆಯಲ್ಲಿದೆ?

(ಸಂತ ಸಿಸಿಲಿಯಾಳ ಹಬ್ಬದಂದು ರಾಬರ್ಟ್‌ಸನ್‌ಪೇಟೆಯಲ್ಲಿ ಗಾಯನವೃಂದಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಇಂದು ನವೆಂಬರ್ 22. ಕನ್ಯೆಯೂ ರಕ್ತಸಾಕ್ಷಿಯೂ ಆದ, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬ. ಚಿತ್ರಪಟಗಳಲ್ಲಿ ಆಕೆ ಆರ್ಗನ್ ಮುಂದೆ ಕುಳಿತಿರುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆಕೆಯ ಹಳೆಯ ಕಥೆಯಲ್ಲಿ ಇರುವುದು ಇಷ್ಟೇ: ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿರುವಾಗ ಆಕೆ ತನ್ನ ಹೃದಯದಲ್ಲಿ ದೇವರಿಗೆ ಹಾಡಿದಳು. ಆಕೆಯ ಕೈಗೆ ಆರ್ಗನ್ ಕೊಟ್ಟವರು ಮುಂದೆ ಬಂದ ಚಿತ್ರಕಾರರು.

ಪ್ರತಿ ವರ್ಷ ಈ ಹಬ್ಬದಲ್ಲಿ ನಾವು ಹೃದಯದ ಹಾಡಿನ ಬಗ್ಗೆಯೇ ಮಾತನಾಡುತ್ತೇವೆ. ಈ ವರ್ಷ ಬೆರಳುಗಳ ಬಗ್ಗೆ ಮಾತನಾಡಲು ಅಪ್ಪಣೆ ಕೊಡಿ. ಅದಕ್ಕೆ ಕಾರಣವಿದೆ.

ಕೆಲವು ವಾರಗಳ ಹಿಂದೆ ಶನಿವಾರದ ಅಭ್ಯಾಸ ಮುಗಿದ ಮೇಲೆ ನಮ್ಮ ವೃಂದದ ಒಬ್ಬ ಹುಡುಗ ಉಳಿದುಕೊಂಡ. ಅವನ ತಂದೆ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಕಂತಿನಲ್ಲಿ ಅವನಿಗೊಂದು ಕೀಬೋರ್ಡು ಕೊಡಿಸಿದ್ದಾರೆ. "ಸ್ವಾಮಿ, ಮೇಜರ್ ಸ್ಕೇಲ್ ಸಾಕಾಯ್ತು. ಮೂರು ತಿಂಗಳಿಂದ ಅದೇ. ಮೋಡ್ ಕಲಿಸಿ. ಡೋರಿಯನ್, ಫ್ರಿಜಿಯನ್ ಅಂತಾರಲ್ಲ, ಅದು" ಎಂದ. ಅಷ್ಟು ಬೇಗ ಬೇಡಪ್ಪ ಎಂದೆವು. "ಬಿಳಿ ಮನೆಗಳಲ್ಲೇ ಡಿ ಇಂದ ಡಿ ತನಕ ನುಡಿಸಿದರೆ ಡೋರಿಯನ್ ಬಂತು, ಅಷ್ಟೇ ಅಲ್ವಾ ಸ್ವಾಮಿ? ಅದಕ್ಕೆ ಹನ್ನೆರಡು ಸ್ಕೇಲ್ ಯಾಕೆ ಬೇಕು?" ಎಂದು ಕೇಳಿದ. ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿತು. ಅಷ್ಟೇ ಎಂದು ಹೇಳಲಾರದೆ, ಅಲ್ಲ ಎಂದು ಎರಡು ನಿಮಿಷದಲ್ಲಿ ವಿವರಿಸಲಾರದೆ ನಾವು ಪೂಜೆಗೆ ಹೊರಟೆವು. ಆಮೇಲೆ ಎರಡು ಶನಿವಾರ ಅವನು ಅಭ್ಯಾಸಕ್ಕೆ ಬರಲಿಲ್ಲ. ಇಂದು ಬಂದಿದ್ದಾನೆ, ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ. ಹೆಸರು ಹೇಳುವುದಿಲ್ಲ, ಯಾರೂ ತಿರುಗಿ ನೋಡಬೇಡಿ. ಅವನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅಂದು ಕೊಡದ ಉತ್ತರವನ್ನು ಇಂದು ಎಲ್ಲರ ಮುಂದೆ ಕೊಡುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪೊಪ್ಪಿಗೆ. ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ, ಗಣಿ ಇನ್ನೂ ಮುಚ್ಚಿರದ ದಿನಗಳಲ್ಲಿ, ಈ ಗಣಿ ಊರಿನಲ್ಲೇ ನಡೆದದ್ದು. ಎಂಟು ಮೋಡುಗಳ ಪಟ್ಟಿ ನಮಗೆ ಬಾಯಿಪಾಠವಾಗಿತ್ತು. ಗ್ರೀಕ್ ಹೆಸರುಗಳನ್ನು ಮುಂದಿನಿಂದಲೂ ಹಿಂದಿನಿಂದಲೂ ಹೇಳುತ್ತಿದ್ದೆವು. ಹೆಮ್ಮೆಯೂ ಇತ್ತು. ಪೆಂತೆಕೋಸ್ತ್ ಹಬ್ಬದ ದಿನ ಪವಿತ್ರಾತ್ಮರನ್ನು ಕರೆಯುವ ವೇನಿ ಕ್ರೆಯಾತೋರ್ ಗೀತೆಯನ್ನು ಲತೀನಿನಲ್ಲೇ ಹಾಡಿಸುತ್ತೇವೆಂದು ಕಾಲಿನಿಂದ ಒತ್ತುವ ಹಾರ್ಮೋನಿಯಂ ಮುಂದೆ ನಾವೇ ಕುಳಿತೆವು. ಅದು ಎಂಟನೇ ಮೋಡಿನ ಹಾಡು, ಜಿ ಸ್ವರದಲ್ಲಿ ಮುಗಿಯುತ್ತದೆ, ಎಲ್ಲ ಬಿಳಿ ಮನೆಗಳೇ. ಪುಸ್ತಕದಲ್ಲಿದ್ದಂತೆ ಜಿ ಇಂದ ಎತ್ತಿಕೊಂಡೆವು. ಹಾಡು ಮೇಲೇರಿದಂತೆ ಗಂಡಸರ ದನಿ ಒಬ್ಬೊಬ್ಬರದಾಗಿ ನಿಂತಿತು. ರಾತ್ರಿ ಪಾಳಿ ಮುಗಿಸಿ ನೇರ ಬಂದವರಿಗೆ ಬೆಳಗಿನ ಹೊತ್ತು ಅಷ್ಟು ಮೇಲಿನ ಶ್ರುತಿ ಎಲ್ಲಿ ಎಟುಕೀತು? ಎರಡನೆಯ ಚರಣಕ್ಕೆ ಒಂದು ಪೂರ್ಣ ಹೆಜ್ಜೆ ಇಳಿಸಿ ಎಫ್ ಇಂದ ಶುರು ಮಾಡಿದೆವು. ಆದರೆ ಬೆರಳುಗಳು ಬಿಳಿ ಮನೆಗಳಲ್ಲೇ ಓಡಿದವು. ಜನ ಒಂದು ಹಾಡುತ್ತಿದ್ದಾರೆ, ಪೆಟ್ಟಿಗೆ ಇನ್ನೊಂದು ಹಾಡುತ್ತಿದೆ. ಮೂರನೆಯ ಚರಣಕ್ಕೆ ನಾವು ಕೈ ತೆಗೆದೆವು. ಜನ ವಾದ್ಯವಿಲ್ಲದೆ ಮುಗಿಸಿದರು. ಚೆನ್ನಾಗಿಯೇ ಮುಗಿಸಿದರು ಎನ್ನಿ.

ಪೂಜೆಯ ನಂತರ ಒಬ್ಬ ಹಿರಿಯರು ಬಂದರು. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದವರು. ಶಾಲೆಯಲ್ಲಿ ಚಿಕ್ಕಂದಿನಲ್ಲಿ ದೋ ರೇ ಮಿ ಪದ್ಧತಿಯಲ್ಲಿ ಹಾಡು ಕಲಿತವರು. ನಗುತ್ತಲೇ ಹೇಳಿದರು: "ಸ್ವಾಮಿ, ಮನೆ ಬದಲಾಯಿಸಿದಿರಿ, ಸಾಮಾನು ಹಳೇ ಮನೆಯಲ್ಲೇ ಬಿಟ್ಟು ಬಂದಿರಿ."

ಏನು ನಡೆದಿತ್ತೆಂದು ನಮಗೆ ಅಂದು ಅರ್ಥವಾಗಲಿಲ್ಲ, ಈಗ ಹೇಳುತ್ತೇವೆ. ಜಿ ಇಂದ ಎಫ್‌ಗೆ ಇಳಿದಾಗ ಹಾಡಿನ ಪ್ರತಿಯೊಂದು ಸ್ವರವೂ ಒಂದು ಪೂರ್ಣ ಹೆಜ್ಜೆ ಇಳಿಯಬೇಕು. ಸಿ ಇದ್ದಲ್ಲಿ ಬಿ ಫ್ಲ್ಯಾಟ್ ಬರಬೇಕು, ಎಫ್ ಇದ್ದಲ್ಲಿ ಇ ಫ್ಲ್ಯಾಟ್ ಬರಬೇಕು. ಎರಡು ಫ್ಲ್ಯಾಟ್ ಎಂದರೆ ಬಿ ಫ್ಲ್ಯಾಟ್ ಮೇಜರಿನ ಕೀ ಸಿಗ್ನೇಚರ್. ನಮಗೆ ಮಿಕ್ಸೊಲಿಡಿಯನ್ ಎಂಬ ಹೆಸರು ಗೊತ್ತಿತ್ತು, ಈ ಎರಡು ಫ್ಲ್ಯಾಟ್ ಗೊತ್ತಿರಲಿಲ್ಲ. ಎಫ್ ಇಂದ ಬರೀ ಬಿಳಿ ಮನೆಗಳಲ್ಲಿ ಹೋದರೆ ಬರುವುದು ಲಿಡಿಯನ್. ಯಾರನ್ನೂ ಕೇಳದೆ ನಾವು ಹಬ್ಬದ ಹಾಡಿನ ಮೋಡನ್ನೇ ಬದಲಾಯಿಸಿದ್ದೆವು. ಹೆಸರುಗಳ ಪಟ್ಟಿ ಆ ಹೊತ್ತಿನಲ್ಲಿ ನಮ್ಮ ಬೆರಳಿಗೆ ಒಂದಿಷ್ಟೂ ಸಹಾಯ ಮಾಡಲಿಲ್ಲ.

ಅಂದಿನಿಂದ ಭಾನುವಾರದ ಎರಡನೆಯ ಪೂಜೆಯಾದ ಮೇಲೆ ಆ ಹಿರಿಯರು ನಮಗೆ ಪಾಠ ಹೇಳಿದರು. ಪಾಠ ಎಂದರೆ ಒಂದೇ ಪ್ರಶ್ನೆ. ಹಾರ್ಮೋನಿಯಂನ ಯಾವುದಾದರೂ ಒಂದು ಮನೆಯ ಮೇಲೆ ಬೆರಳಿಟ್ಟು, "ದೋ ಇಲ್ಲಿದೆ. ಉಳಿದವರೆಲ್ಲ ಎಲ್ಲಿದ್ದಾರೆ ಸ್ವಾಮಿ?" ಎಂದು ಕೇಳುವುದು.

ಮೇಜರ್ ಸ್ಕೇಲ್ ಎಂದರೆ ಬೇರೆ ಏನೂ ಅಲ್ಲ, ಒಂದು ನಡಿಗೆ. ಎರಡು ಪೂರ್ಣ ಹೆಜ್ಜೆ, ಒಂದು ಅರ್ಧ ಹೆಜ್ಜೆ. ಮತ್ತೆ ಮೂರು ಪೂರ್ಣ, ಒಂದು ಅರ್ಧ. ಸಿ ಇಂದ ಹೊರಟರೆ ಈ ನಡಿಗೆ ಬಿಳಿ ಮನೆಗಳಲ್ಲೇ ಬರುತ್ತದೆ, ಏಕೆಂದರೆ ಇ-ಎಫ್ ನಡುವೆ ಮತ್ತು ಬಿ-ಸಿ ನಡುವೆ ಕರಿ ಮನೆ ಇಲ್ಲ. ಜಿ ಇಂದ ಹೊರಡಿ. ಜಿ, ಎ, ಬಿ, ಸಿ, ಡಿ, ಇ ತನಕ ತೊಂದರೆಯಿಲ್ಲ. ಏಳನೆಯ ಸ್ವರದಲ್ಲಿ ಬಿಳಿ ಎಫ್ ಒತ್ತಿದರೆ ಮನೆಗೆ ಸೇರುವ ಕೊನೆಯ ಅರ್ಧ ಹೆಜ್ಜೆ ಪೂರ್ಣ ಹೆಜ್ಜೆಯಾಗುತ್ತದೆ, ಕಿವಿ ಒಪ್ಪುವುದಿಲ್ಲ. ಎಫ್ ಅನ್ನು ಅರ್ಧ ಹೆಜ್ಜೆ ಏರಿಸಬೇಕು. ಈ ಎಫ್ ಶಾರ್ಪನ್ನು ಪ್ರತಿ ಸಲ ಬರೆಯುವ ಬದಲು ಸಾಲಿನ ತಲೆಯಲ್ಲಿ ಒಮ್ಮೆ ಬರೆದಿಡುತ್ತಾರೆ. ಅದೇ ಕೀ ಸಿಗ್ನೇಚರ್. ಅಲ್ಲಿ ಒಂದು ಶಾರ್ಪ್ ಕಂಡರೆ ದೋ ಜಿ ಮನೆಯಲ್ಲಿದೆ ಎಂದು ಅರ್ಥ.

ಜಿ ಇಂದ ಐದನೆಯ ಸ್ವರ ಡಿ. ಅಲ್ಲಿಗೆ ದೋ ಹೋದರೆ ಎಫ್ ಜೊತೆಗೆ ಸಿ ಕೂಡ ಶಾರ್ಪ್ ಆಗುತ್ತದೆ. ಹೀಗೆ ಐದೈದು ಸ್ವರ ಮೇಲಕ್ಕೆ ಹೋದಂತೆ ಒಂದೊಂದು ಶಾರ್ಪ್ ಸೇರುತ್ತದೆ; ಹೊಸದಾಗಿ ಬಂದದ್ದು ಯಾವಾಗಲೂ ಏಳನೆಯ ಸ್ವರ, ದೋ ಅದಕ್ಕಿಂತ ಅರ್ಧ ಹೆಜ್ಜೆ ಮೇಲೆ. ಐದೈದು ಕೆಳಕ್ಕೆ ಇಳಿದರೆ ಫ್ಲ್ಯಾಟುಗಳು ಸೇರುತ್ತವೆ: ಎಫ್‌ಗೆ ಒಂದು, ಬಿ ಫ್ಲ್ಯಾಟಿಗೆ ಎರಡು, ಇ ಫ್ಲ್ಯಾಟಿಗೆ ಮೂರು. ಎರಡು ಅಥವಾ ಹೆಚ್ಚು ಫ್ಲ್ಯಾಟ್ ಇದ್ದಾಗ ಕೊನೆಯದರ ಹಿಂದಿನದೇ ದೋ ಇರುವ ಮನೆ. ಕಾಗದದ ಮೇಲೆ ಇಂಥ ಹದಿನೈದು ಸಿಗ್ನೇಚರುಗಳಿವೆ, ಪೆಟ್ಟಿಗೆಯ ಮೇಲೆ ಕೇಳುವುದು ಹನ್ನೆರಡೇ. ವಾರಕ್ಕೊಂದರಂತೆ ಆ ಹಿರಿಯರು ನಮಗೆ ಹನ್ನೆರಡನ್ನೂ ಹಾಡಿಸಿದರು. ನುಡಿಸುವ ಮೊದಲು ಹಾಡಬೇಕು ಎಂಬುದು ಅವರ ಕಟ್ಟಳೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ತಟ್ಟೆ ಇಟ್ಟು ವೃತ್ತ ಎಳೆದು ಗಡಿಯಾರದಂತೆ ಹನ್ನೆರಡು ಕೀಗಳನ್ನು ಬರೆದುಕೊಟ್ಟರು. ಆ ಹಾಳೆ ಇನ್ನೂ ನಮ್ಮ ಬಳಿ ಇದೆ. ಮಡಿಕೆಯಲ್ಲಿ ಹರಿದಿದೆ.

ಹದಿಮೂರನೆಯ ವಾರ ಅವರು, "ಈಗ ದೋ ಬಿಟ್ಟು ರೇ ಮೇಲೆ ಕೂತು ಹಾಡಿ ಸ್ವಾಮಿ" ಎಂದರು. ಡೋರಿಯನ್ ಎಂಬ ಪದವನ್ನು ಅವರು ಕೇಳಿರಲೇ ಇಲ್ಲ. ರೇ ಹಾಡು, ಮಿ ಹಾಡು, ಸೋ ಹಾಡು ಎನ್ನುತ್ತಿದ್ದರು. ಪುನರುತ್ಥಾನ ಹಬ್ಬದ ವಿಕ್ತಿಮೇ ಪಾಸ್ಕಾಲಿ ಒಂದನೇ ಮೋಡಿನದು, ಅವರಿಗೆ ಅದು ರೇ ಹಾಡು. ಪವಿತ್ರ ಗುರುವಾರದ ಮೆರವಣಿಗೆಯ ಪಾಂಜೆ ಲಿಂಗ್ವಾ ಮೂರನೇ ಮೋಡು, ಮಿ ಹಾಡು. ನಮ್ಮನ್ನು ಮುಗ್ಗರಿಸಿದ ಪೆಂತೆಕೋಸ್ತಿನ ಹಾಡು ಸೋ ಹಾಡು.

ಇಲ್ಲಿ ಆ ಹುಡುಗನಿಗೆ ಉತ್ತರವಿದೆ. ಈ ಮೂರು ಹಬ್ಬದ ಹಾಡುಗಳನ್ನೂ ನಮ್ಮ ಜನರ ಕಂಠಕ್ಕೆ ತಕ್ಕಂತೆ ಒಂದೊಂದು ಪೂರ್ಣ ಹೆಜ್ಜೆ ಇಳಿಸಿ ನೋಡಿ. ಗುರುವಾರದ ಹಾಡು ಡಿ ಮೇಲೆ ಮುಗಿಯುತ್ತದೆ, ಪಾಸ್ಕದ ಹಾಡು ಸಿ ಮೇಲೆ, ಪೆಂತೆಕೋಸ್ತಿನದು ಎಫ್ ಮೇಲೆ. ಬರೀ ಮೋಡುಗಳ ಪಟ್ಟಿ ಉರು ಹೊಡೆದವನಿಗೆ ಇವು ಮೂರು ಬೇರೆ ಬೇರೆ ಕಷ್ಟಗಳು: ಡಿ ಫ್ರಿಜಿಯನ್, ಸಿ ಡೋರಿಯನ್, ಎಫ್ ಮಿಕ್ಸೊಲಿಡಿಯನ್. ದೋ ಎಲ್ಲಿದೆ ಎಂದು ಬಲ್ಲವನಿಗೆ ಮೂರೂ ಒಂದೇ. ಮೂರರಲ್ಲೂ ದೋ ಬಿ ಫ್ಲ್ಯಾಟಿನಲ್ಲಿದೆ, ಮೂರಕ್ಕೂ ಅದೇ ಎರಡು ಫ್ಲ್ಯಾಟ್. ಪವಿತ್ರ ಗುರುವಾರದಿಂದ ಪೆಂತೆಕೋಸ್ತ್ ತನಕ ಒಂದೇ ಕೀ ಸಿಗ್ನೇಚರಿನಲ್ಲಿ ನಡೆದುಹೋಗಬಹುದು. ಹನ್ನೆರಡು ಸ್ಕೇಲ್ ಯಾಕೆ ಎಂದು ಕೇಳಿದೆಯಲ್ಲ, ಹನ್ನೆರಡು ಕಲಿತರೆ ಅವುಗಳೊಳಗಿನ ಮೋಡುಗಳು ಕೈಗೆ ತಾವಾಗಿ ಸಿಗುತ್ತವೆ. ಕಲಿಯದಿದ್ದರೆ ಪ್ರತಿ ಮೋಡನ್ನೂ ಹನ್ನೆರಡು ಸಲ ಹೊಸದಾಗಿ ಕಲಿಯಬೇಕು.

ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆಯಲ್ಲ ಎಂದು ಯಾರೋ ಮುಸಿಮುಸಿ ನಗುತ್ತಿದ್ದೀರಿ. ಇದೆ. ನಾವೂ ಒತ್ತಿದ್ದೇವೆ. ನಮ್ಮ ಹಾಡಿನ ಪುಸ್ತಕಗಳಲ್ಲಿ ಬಹುಪಾಲು ಪದ ಮಾತ್ರ ಇರುತ್ತದೆ. ನೀವು ಪೆನ್ಸಿಲಿನಲ್ಲಿ ಮೇಲೆ ಕಾರ್ಡ್ ಬರೆದುಕೊಳ್ಳುತ್ತೀರಿ, ಎಲ್ಲವನ್ನೂ ಸಿ ಮೇಜರಿನಲ್ಲೇ ಬರೆದುಕೊಂಡು ಗುಂಡಿಯಿಂದ ಏರಿಸಿ ಇಳಿಸುತ್ತೀರಿ. ಹಾಡಿನ ನಡುವೆ ಕರೆಂಟು ಹೋದರೆ ಮೂಲೆಯ ಹಾರ್ಮೋನಿಯಂಗೆ ಆ ಗುಂಡಿ ಇಲ್ಲ. ಗುಂಡಿ ಸ್ವರವನ್ನು ಸಾಗಿಸುತ್ತದೆ, ಎಲ್ಲಿಗೆ ಸಾಗಿಸಿತು ಎಂದು ನಿಮಗೆ ಹೇಳುವುದಿಲ್ಲ. ಪಕ್ಕದಲ್ಲಿ ಗಿಟಾರ್ ಹಿಡಿದವನು "ಯಾವ ಕೀ?" ಎಂದು ಕೇಳಿದರೆ "ಮೈನಸ್ ಎರಡು" ಎಂದು ಉತ್ತರ ಬರುತ್ತದೆ. ಮೈನಸ್ ಎರಡು ಎಂಬ ಕೀ ಸಂಗೀತದಲ್ಲಿ ಇಲ್ಲ.

ಇನ್ನೊಂದು ಆಕ್ಷೇಪಣೆಯನ್ನು ಓದಿದವರು ಎತ್ತಬಹುದು. ಚರಿತ್ರೆಯಲ್ಲಿ ಮೋಡೇ ಮೊದಲು ಬಂತಲ್ಲ, ಮೇಜರ್ ಆಮೇಲೆ ಬಂತಲ್ಲ ಎಂದು. ನಿಜ. ಮಠಗಳಲ್ಲಿ ಶತಮಾನಗಳ ಕಾಲ ಎಂಟು ಮೋಡುಗಳಲ್ಲೇ ಹಾಡುತ್ತಿದ್ದರು. ಸಿ ಮೇಲೆ ಮುಗಿಯುವ ಅಯೋನಿಯನ್, ಅಂದರೆ ನಮ್ಮ ಇಂದಿನ ಮೇಜರ್, ಮತ್ತು ಎ ಮೇಲಿನ ಅಯೋಲಿಯನ್ ಸೇರಿಸಿ ಮೋಡುಗಳನ್ನು ಹನ್ನೆರಡು ಮಾಡಿದವನು ಸ್ವಿಟ್ಜರ್ಲೆಂಡಿನ ಗ್ಲಾರಿಯನ್. 1547ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ. ನಮಗೆ ಮೊದಲ ಪಾಠವಾದದ್ದು ಅವರಿಗೆ ಕೊನೆಯದಾಗಿತ್ತು. ಆದರೆ ಆ ಸನ್ಯಾಸಿಗಳು ದಿನಕ್ಕೆ ಹಲವು ಸಲ ಹಾಡುತ್ತ, ಬಾಲ್ಯದಿಂದಲೇ ಕಿವಿಯಲ್ಲಿ ಆ ರಾಗಗಳನ್ನು ತುಂಬಿಕೊಂಡವರು. ನಮ್ಮ ಕಿವಿಯಲ್ಲಿ ತುಂಬಿರುವುದೇನು? ಶಾಲೆಯ ಪ್ರಾರ್ಥನೆ, ಬ್ಯಾಂಡ್ ಸೆಟ್ಟು, ಕ್ರಿಸ್ತಜಯಂತಿಯ ಕ್ಯಾರೊಲ್, ಜಾಹೀರಾತಿನ ಟ್ಯೂನು. ಬಹುಮಟ್ಟಿಗೆ ಮೇಜರ್. ಗೊತ್ತಿರುವ ಊರಿನಿಂದ ಗೊತ್ತಿಲ್ಲದ ಊರಿಗೆ ಹೋಗುವುದು ಸುಲಭ.

ಅಲ್ಲದೆ "ದೋ ಎಲ್ಲಿದೆ" ಎಂಬ ಪ್ರಶ್ನೆ ಆ ಸನ್ಯಾಸಿಗಳದ್ದೇ. ಸುಮಾರು ಸಾವಿರ ವರ್ಷಗಳ ಹಿಂದೆ ಅರೆಟ್ಸೊ ನಗರದ ಗ್ವೀದೊ ಎಂಬ ಸನ್ಯಾಸಿ, ಸ್ನಾನಿಕ ಯೊವಾನ್ನರ ಹಬ್ಬದ ಒಂದು ಗೀತೆಯ ಸಾಲುಗಳ ಮೊದಲ ಅಕ್ಷರಗಳಿಂದ ಉತ್, ರೇ, ಮಿ, ಫಾ, ಸೋಲ್, ಲಾ ಎಂದು ಸ್ವರಗಳಿಗೆ ಹೆಸರಿಟ್ಟರು. ಆ ಗೀತೆಯ ಪ್ರತಿ ಸಾಲು ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಶುರುವಾಗುತ್ತದೆ. ಉತ್ ಮುಂದೆ ದೋ ಆಯಿತು. ಹಾಳೆಯ ಮೇಲೆ ಗೆರೆ ಎಳೆದು, ಎಫ್ ಗೆರೆಗೆ ಕೆಂಪು, ಸಿ ಗೆರೆಗೆ ಹಳದಿ ಬಣ್ಣ ಹಚ್ಚಿ, ಅರ್ಧ ಹೆಜ್ಜೆ ಎಲ್ಲಿದೆ ಎಂದು ಮಕ್ಕಳಿಗೆ ಕಾಣುವಂತೆ ಮಾಡಿದರು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತೆಂದು ಅವರೇ ಸಂತೋಷದಿಂದ ಬರೆದಿದ್ದಾರೆ. ಇಂದಿಗೂ ನಾಲ್ಕು ಗೆರೆಯ ಗ್ರೆಗೋರಿಯನ್ ಪುಸ್ತಕ ತೆರೆದರೆ ಸಾಲಿನ ತಲೆಯಲ್ಲಿ ಸಿ ಅಕ್ಷರದಂಥ ಗುರುತು ಇರುತ್ತದೆ: ದೋ ಈ ಗೆರೆಯಲ್ಲಿದೆ ಎಂಬ ಸೂಚನೆ. ಅದು ಇಷ್ಟೇ ಕಟ್ಟೆ ಶ್ರುತಿ ಎಂದು ಅಲ್ಲಿ ಬರೆದಿರುವುದಿಲ್ಲ. ಅಂದಿನ ಜನರ ಕಂಠ ನೋಡಿ ಶ್ರುತಿ ಹಿಡಿಯುವ ಹೊಣೆ ಹಾಡಿಸುವವರದು, ವಾದ್ಯದಲ್ಲಿ ಆ ಶ್ರುತಿಯ ಶಾರ್ಪು ಫ್ಲ್ಯಾಟುಗಳನ್ನು ಹುಡುಕುವ ಹೊಣೆ ನುಡಿಸುವವರದು.

ಈ ಗಾನಕ್ಕೆ ಧರ್ಮಸಭೆಯಲ್ಲಿ ಎಂಥ ಸ್ಥಾನವಿದೆ ಎಂದು ನೆನಪಿಸಬೇಕಾಗಿಲ್ಲ. 1903ರಲ್ಲಿ ಹತ್ತನೇ ಭಕ್ತಿನಾಥ ಜಗದ್ಗುರುಗಳು, ಅಂದರೆ ಸಂತ ಹತ್ತನೇ ಪಿಯುಸ್, ಪೂಜಾಸಂಗೀತದ ಆದೇಶಪತ್ರವನ್ನು ಹೊರಡಿಸಿದ್ದು ಇದೇ ನವೆಂಬರ್ 22ರಂದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ನಮ್ಮ ನಮ್ಮ ನುಡಿಗಳಿಗೆ ಪೂಜೆಯಲ್ಲಿ ಬಾಗಿಲು ತೆರೆದಾಗಲೂ ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವನ್ನು ಉಳಿಸಿತು. ನಾವು ತಮಿಳಿನಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಪೂಜೆ ಅರ್ಪಿಸುವ ಊರಿನವರು. ಯಾವ ನುಡಿಯ ಪೂಜೆಗೆ ಯಾವ ಹೊತ್ತು ಎಂದು ಆಗಾಗ ಮುನಿಸಿಕೊಳ್ಳುವವರೂ ಹೌದು. ದೋ ಎಲ್ಲಿದೆ ಎಂಬ ಪ್ರಶ್ನೆಗೆ ಮೂರೂ ನುಡಿಯಲ್ಲಿ ಒಂದೇ ಉತ್ತರ ಎಂಬುದು ನಮಗೆ ಸಣ್ಣ ಸಮಾಧಾನ.

ಇದೆಲ್ಲ ಹೊರಗಿನ ವಿದ್ಯೆ ಎಂದು ಭಾವಿಸಬೇಡಿ. ನಮ್ಮ ಕರ್ನಾಟಕ ಸಂಗೀತದಲ್ಲಿ ಷಡ್ಜ ಎಲ್ಲಿ ಬೇಕಾದರೂ ಇರಬಹುದು; ಒಂದು ಕಟ್ಟೆಯವರೂ ಇದ್ದಾರೆ, ಐದು ಕಟ್ಟೆಯವರೂ ಇದ್ದಾರೆ. ದೋ ಕೂಡ ಹಾಗೆಯೇ ಚಲಿಸುವ ಷಡ್ಜ. ಮೇಜರ್ ಸ್ಕೇಲಿನ ಸ್ವರಗಳೇ 29ನೇ ಮೇಳಕರ್ತ ಶಂಕರಾಭರಣದ ಸ್ವರಗಳು. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ ಬರುತ್ತದೆ, ಅದು ಡೋರಿಯನ್ನಿನ ಶ್ರೇಣಿ. ಗಾಂಧಾರದಿಂದ ಹನುಮತೋಡಿ, ಮಧ್ಯಮದಿಂದ ಮೇಚಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಇದನ್ನು ನಮ್ಮವರು ಗ್ರಹಭೇದ ಎನ್ನುತ್ತಾರೆ. ನಿಷಾದದಿಂದ ಹೊರಟರೆ ಶುದ್ಧ ಪಂಚಮ ಸಿಗದು, ಮೇಳರಾಗವಾಗದು ಎಂದು ಅದನ್ನು ಬಿಟ್ಟಿದ್ದಾರೆ. ನೋಡಿ, ಮಠದ ಸನ್ಯಾಸಿಗಳೂ ಬಿ ಮೇಲೆ ಹಾಡು ಮುಗಿಸುವ ಮೋಡನ್ನು ಇಟ್ಟುಕೊಳ್ಳಲಿಲ್ಲ. ಒಬ್ಬರನ್ನೊಬ್ಬರು ಕಾಣದ ಎರಡು ಪರಂಪರೆಗಳು ಒಂದೇ ಕೋಣೆಗೆ ಬೀಗ ಹಾಕಿವೆ.

ಯಾವ ಸಂಗೀತ ಮೇಷ್ಟರೂ ಮೊದಲ ದಿನವೇ ಗ್ರಹಭೇದ ಹೇಳಿಕೊಡುವುದಿಲ್ಲ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ವರ್ಷಗಟ್ಟಲೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇದ್ದಾಗ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಮೇಜರ್ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯ ಕೂಡಿಸಿ ಸುಮಾರು ನಲವತ್ತು ನೋಟ್ಟುಸ್ವರಗಳನ್ನು ಶಂಕರಾಭರಣದಲ್ಲಿ ಕಟ್ಟಿದರು. ಅಷ್ಟು ದೊಡ್ಡ ವಿದ್ವಾಂಸರ ಆ ಪುಟ್ಟ ಹಾಡುಗಳನ್ನು ಇಂದು ಕಲಿಯುವವರು ಹೆಚ್ಚಾಗಿ ಮಕ್ಕಳೇ. ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ ಮಾತು ಬೇರೆ. ಪಿಯಾನೊದಲ್ಲಿ ಕ್ರಮವಾಗಿ ಪರೀಕ್ಷೆಗಳನ್ನು ಕಟ್ಟಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದ ದೊರೆ. ಆಮೇಲೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಅರಮನೆಯಲ್ಲಿದ್ದವರಿಗೂ ಸ್ಕೇಲ್ ತಪ್ಪಲಿಲ್ಲ.

ಈಗ ಆ ಹುಡುಗನ ಮಾತಿನ ಇನ್ನೊಂದು ಅರ್ಧ. ಬಿಳಿ ಮನೆಗಳಲ್ಲಿ ಡಿ ಇಂದ ಡಿ ತನಕ ಹೋದರೆ ಡೋರಿಯನ್ ಬಂತೇ? ಮರುದಿನ ಅವನು ನುಡಿಸಿದ್ದನ್ನು ನಾವು ಮರೆಯಲ್ಲಿ ನಿಂತು ಕೇಳಿದೆವು. ಬಲಗೈ ಡಿ ಇಂದ ಡಿ ತನಕ ಹೋಗುತ್ತಿತ್ತು, ಎಡಗೈ ಅಭ್ಯಾಸಬಲದಿಂದ ಸಿ, ಎಫ್, ಜಿ ಕಾರ್ಡುಗಳನ್ನು ಹಿಡಿಯುತ್ತಿತ್ತು. ಆ ಮೂರು ಕಾರ್ಡುಗಳು ಕಿವಿಯನ್ನು ಹಿಡಿದು ಸಿ ಮನೆಗೇ ಎಳೆದುಕೊಂಡು ಹೋಗುತ್ತವೆ. ಕೇಳಿಸಿದ್ದು ಡಿ ಇಂದ ಶುರುವಾದ ಸಿ ಮೇಜರ್.

ಬೆಳಿಗ್ಗೆ ರೈಲಿಗೆ ಹೋಗುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ. ಹಳಿ ಒಂದೇ, ನಿಲ್ದಾಣಗಳೂ ಅವೇ. ಆದರೆ ರಾತ್ರಿ ಬೆಂಗಳೂರಿನಿಂದ ಬರುವಾಗ ಮಾರಿಕುಪ್ಪಂನವನು ಕೊನೆಯ ತನಕ ನಿದ್ದೆ ಮಾಡಬಹುದು, ಕೋರಮಂಡಲಿನವನು ಬೆಮೆಲ್ ನಗರ ದಾಟಿದ ಕೂಡಲೆ ಚೀಲ ಎತ್ತಿಕೊಳ್ಳಬೇಕು. ಮನೆ ಯಾವ ನಿಲ್ದಾಣದಲ್ಲಿದೆ ಎಂಬುದರ ಮೇಲೆ ಉಳಿದ ನಿಲ್ದಾಣಗಳೆಲ್ಲ ಬೇರೆಯಾಗಿ ಕಾಣುತ್ತವೆ. ಮೋಡ್ ಅಂದರೆ ಅದು. ಕೀ ಸಿಗ್ನೇಚರ್ ಹಳಿಯನ್ನು ಹಾಕಿಕೊಡುತ್ತದೆ, ಎಲ್ಲಿ ಇಳಿಯಬೇಕೆಂದು ಹಾಡು ಹೇಳುತ್ತದೆ. ಹಳಿಯ ಪರಿಚಯವೇ ಇಲ್ಲದವನಿಗೆ ತನ್ನ ನಿಲ್ದಾಣ ಕತ್ತಲಲ್ಲಿ ಹೇಗೆ ಗೊತ್ತಾಗಬೇಕು?

ಹಾಡಿನಲ್ಲಿ ಇಳಿಯುವ ಜಾಗ ಒಂದೇ ಅಲ್ಲ, ತಂಗುವ ಜಾಗವೂ ಇದೆ. ಒಂದನೇ ಮೋಡೂ ಎರಡನೇ ಮೋಡೂ ಡಿ ಮೇಲೆಯೇ ಮುಗಿಯುತ್ತವೆ. ಆದರೆ ಕೀರ್ತನೆಯನ್ನು ಪಠಿಸುವಾಗ ಒಂದನೆಯದು ಎ ಮೇಲೆ ನಿಲ್ಲುತ್ತದೆ, ಎರಡನೆಯದು ಕೆಳಗೆ ಎಫ್ ಮೇಲೆ. ಶ್ರೇಣಿ ನೋಡಿದರೆ ಒಂದೇ, ಸ್ವಭಾವ ಬೇರೆ. ಹಿಂದೂಸ್ತಾನಿಯಲ್ಲಿ ಭೂಪಾಲಿ ಮತ್ತು ದೇಶ್‌ಕಾರ್ ಅದೇ ಐದು ಸ್ವರಗಳ ರಾಗಗಳು. ಒಂದು ಗಾಂಧಾರವನ್ನು ಆಶ್ರಯಿಸುತ್ತದೆ, ಇನ್ನೊಂದು ಧೈವತವನ್ನು. ಹಾಗಾಗಿ ಸ್ಕೇಲ್ ಮುಗಿಸಿದವನು ಮೋಡ್ ಮುಗಿಸಿದಂತಲ್ಲ. ಅಲ್ಲಿಂದ ಮುಂದೆ ಹಾಡುಗಳನ್ನೇ ಹಾಡಬೇಕು, ಒಂದೊಂದನ್ನು ನೂರು ಸಲ. ನಮ್ಮ ಹಿರಿಯರು ರೇ ಹಾಡು ಎಂದು ಹೆಸರಿಟ್ಟು ಸುಮ್ಮನಾಗಲಿಲ್ಲ. ಎಡಗೈಯಲ್ಲಿ ರೇ ಒಂದನ್ನೇ ಶ್ರುತಿಯಂತೆ ಹಿಡಿಸಿ, ಬಲಗೈಗೆ ದೋ ಮೇಲೆ ನಿಲ್ಲಲು ಬಿಡದೆ, ಕಾಲು ಗಂಟೆ ಹಾಡಿಸುತ್ತಿದ್ದರು. ಬಿಟ್ಟರೆ ಕೈ ದೋ ಕಡೆಗೇ ಓಡುತ್ತಿತ್ತು. ದೋ ಎಲ್ಲಿದೆ ಎಂದು ಚೆನ್ನಾಗಿ ಬಲ್ಲವನಿಗೆ ಮಾತ್ರ ಅದನ್ನು ಬಿಟ್ಟು ಕೂರಲು ಬರುತ್ತದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮುಂದಿನದು ನಿಮ್ಮ ಮನೆಗಳಲ್ಲೇ ನಡೆದ ಕಥೆ, ನಾವು ಹೇಳಬೇಕಾಗಿಲ್ಲ. ವೃಂದದಲ್ಲಿ ನಾಲ್ಕು ದನಿಯಲ್ಲಿ ಹಾಡುತ್ತಿದ್ದವರು ಬೆಂಗಳೂರು, ಚೆನ್ನೈ ಎಂದು ಚೆದುರಿದರು. ಒಂದು ವರ್ಷ ಪಾಸ್ಕ ಜಾಗರಣೆಗೆ ತಾರಕದ ಹೆಂಗಸರು ಆರು ಜನ, ಮಂದ್ರದಲ್ಲಿ ಹಾಡುವ ಗಂಡಸು ಒಬ್ಬರೇ, ಅದೇ ಹಿರಿಯರು. ಅವರು ಈಗ ನಮ್ಮೊಂದಿಗಿಲ್ಲ. ಅವರಿಂದ ದೋ ರೇ ಮಿ ಕಲಿತವರು ಈ ದೇವಾಲಯದಲ್ಲಿ ಇಂದು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಮೂರು. ನಮ್ಮನ್ನು ಸೇರಿಸಿದರೆ ನಾಲ್ಕು. ಸ್ಕೇಲ್ ವಿಷಯದಲ್ಲಿ ನಾವು ಹಟ ಹಿಡಿದಿರುವುದು ಈ ನಾಲ್ಕು ಎಂಬ ಎಣಿಕೆಯ ಭಯದಿಂದ. ಮಕ್ಕಳನ್ನು ಕಾಯಿಸಿ ನೋಡುವ ಆಸೆ ನಮಗಿಲ್ಲ.

ತಪ್ಪು ನಮ್ಮ ಕಡೆಯೂ ಇದೆ. ಮೂರು ತಿಂಗಳು ಬರೀ ಸ್ಕೇಲ್ ಏರಿಸಿ ಇಳಿಸಿದರೆ ಯಾವ ಹುಡುಗನಿಗೂ ಬೇಸರ ಬರುತ್ತದೆ. ಆ ಹಿರಿಯರು ಪ್ರತಿ ವಾರದ ಕೀಯಲ್ಲೂ ಒಂದು ಹಾಡು ಹಾಡಿಸುತ್ತಿದ್ದರು, ನಾವು ಅದನ್ನು ಬಿಟ್ಟುಬಿಟ್ಟೆವು. ಇನ್ನು ಮುಂದೆ ಹೀಗೆ ಮಾಡೋಣ: ವಾರಕ್ಕೆ ಒಂದು ಕೀ, ಆ ಕೀಯಲ್ಲಿ ನೀವೇ ಆರಿಸಿದ ಒಂದು ಹಾಡು. ಎಫ್ ಮೇಜರಿನ ವಾರ ದೇವದೂತರ ಪೂಜೆ ಎಂದು ಹೆಸರಾದ ಮಿಸ್ಸಾ ದೆ ಆಂಜೆಲಿಸ್‌ನ ಕೀರಿಯೆ ತೆಗೆದುಕೊಳ್ಳೋಣ. ಅದು ಐದನೇ ಮೋಡಿನದು, ಆದರೆ ಬಿ ಫ್ಲ್ಯಾಟ್ ಇಟ್ಟು ಬರೆದಿರುವುದರಿಂದ ಕಿವಿಗೆ ಎಫ್ ಮೇಜರಿನಂತೆಯೇ ಕೇಳುತ್ತದೆ. ಜನ ಅದನ್ನು ಅಷ್ಟು ಬೇಗ ಹಿಡಿದುಕೊಳ್ಳುವುದಕ್ಕೆ ಅದೂ ಒಂದು ಕಾರಣವಿರಬೇಕು. ಹನ್ನೆರಡು ವಾರ ಎಂದರೆ ಫೆಬ್ರವರಿ ನಡುವಿಗೆ ಮುಗಿಯುತ್ತದೆ. ತಪಸ್ಸು ಕಾಲದಲ್ಲಿ ರೇ ಮತ್ತು ಮಿ ಹಾಡುಗಳು. ಆಗ ಡೋರಿಯನ್ ಎನ್ನಿ, ಫ್ರಿಜಿಯನ್ ಎನ್ನಿ, ನಾವು ಬೇಡ ಎನ್ನುವುದಿಲ್ಲ.

ಪೂಜೆ ಮುಂದುವರಿಯುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ಹಿಂದಿನ ಬೆಂಚಿನ ತಮ್ಮಾ, ಮುಂದೆ ಬಾ. ಕೀಬೋರ್ಡಿನ ಗುಂಡಿ ಸೊನ್ನೆಯಲ್ಲಿರಲಿ. ಬಿ ಫ್ಲ್ಯಾಟ್ ಒತ್ತು, ಅದು ದೋ. ಅಲ್ಲಿಂದ ಒಂದು ಸಲ ಏರಿ ಇಳಿ. ಎರಡು ಕರಿ ಮನೆ ಮರೆಯಬೇಡ. ಹಾಂ, ಸರಿ. ಈಗ ಎಫ್ ಹಿಡಿ. ಅದು ಸೋ. ಗಂಡಸರು ಎದ್ದು ನಿಲ್ಲಿ, ಪೆಂತೆಕೋಸ್ತಿನ ಹಾಡಿನ ಮೊದಲ ಚರಣ ಮಾತ್ರ, ನಿಧಾನವಾಗಿ.